ಹೆಸರು ಬದಲಿಸಿದರೆ ಐಎಸ್‌ಒ ಆಗುವುದಿಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಯಕ್ಷಗಾನದ ವಿಸಿಡಿಗಳು ಈಗಲೂ ಇವೆ. ಮಂದಾರ್ತಿ, ಸಾಲಿಗ್ರಾಮ ಮೇಳಗಳ ಆಟ ನೋಡಿ ಬೆಳೆದವರಿಗೆ ಅವು ಬರೀ ಪ್ಲಾಸ್ಟಿಕ್ ಅಲ್ಲ. ಈಗ ನಮ್ಮೊಡನಿಲ್ಲದ ಕಲಾವಿದರ ಮಾತು, ಕುಣಿತ ಕೆಲವೊಮ್ಮೆ ಅಲ್ಲಿ ಮಾತ್ರ ಉಳಿದಿರುತ್ತದೆ. ಮಳೆಗಾಲದ ಥಂಡಿಗೆ ಡಿಸ್ಕಿಗೆ ಬೂಸ್ಟು ಹಿಡಿಯುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವೇ ಇರುವುದಿಲ್ಲ. ಹಾಗಾಗಿ ಊರಿಗೆ ಹೋದಾಗ "ನೀ ಇಂಜಿನಿಯರಿಂಗ್ ಓದುದ್ ಅಲ್ದಾ, ಇದನ್ ಒಂಚೂರ್ ಕಂಪ್ಯೂಟರಿಗ್ ಹಾಕಿ ಕೊಡ್" ಎನ್ನುವ ಮಾತು ನಮಗೆ ಬಂದೇ ಬರುತ್ತದೆ.

ಆಗ ನಮಗೆ ಮೊದಲು ಹೊಳೆಯುವುದು ಐಎಸ್‌ಒ ಮಾಡಿಬಿಡೋಣ ಅಂತ. ವಿಸಿಡಿಯ ಮಟ್ಟಿಗೆ ಅದೇ ತಪ್ಪು ದಾರಿ. ಎಂತಕ್ಕೆ ಅಂದರೆ, ಲೆಕ್ಕ ಕಾಣಿ.

ಸಿಡಿಯ ಒಂದು ಸೆಕ್ಟರ್ 2352 ಬೈಟ್. ಸಾಮಾನ್ಯ ಡೇಟಾ ಸಿಡಿಯಲ್ಲಿ 2048 ಬೈಟ್ ಮಾತ್ರ ನಮ್ಮ ಮಾಹಿತಿ. ಉಳಿದದ್ದು ಸಿಂಕ್, ವಿಳಾಸ ಮತ್ತು ದೋಷ ತಿದ್ದುವ ಕೋಡ್. ಐಎಸ್‌ಒ ಫೈಲು ಆ 2048ನ್ನಷ್ಟೇ ಇಟ್ಟುಕೊಳ್ಳುತ್ತದೆ. ಉಳಿದ ಭಾಗವನ್ನು ಮತ್ತೆ ಲೆಕ್ಕ ಹಾಕಿ ತುಂಬಬಹುದು, ಆದ್ದರಿಂದ ನಷ್ಟವಿಲ್ಲ.

1993ರಲ್ಲಿ ಬಂದ ವಿಸಿಡಿಯ ಕಥೆ ಬೇರೆ. ಜಾಸ್ತಿ ವಿಡಿಯೊ ಹಿಡಿಸಲಿ ಅಂತ ಅದರ ವಿಡಿಯೊ ಸೆಕ್ಟರುಗಳಲ್ಲಿ ದೋಷ ತಿದ್ದುವ ಕೋಡನ್ನು ಬಿಟ್ಟು, 2324 ಬೈಟ್ ಮಾಹಿತಿ ತುಂಬಿರುತ್ತಾರೆ. ಅದನ್ನು 2048ಕ್ಕೆ ಕತ್ತರಿಸಿದರೆ ಪ್ರತಿ ಸೆಕ್ಟರಿಗೆ 276 ಬೈಟ್ ಹೋಯಿತು. ಸೆಕೆಂಡಿಗೆ 75 ಸೆಕ್ಟರ್, ಅಂದರೆ 20,700 ಬೈಟ್! ಭಾಗವತರ ಪದ ತುಂಡಾಗುತ್ತದೆ, ಚಿತ್ರ ಒಡೆಯುತ್ತದೆ. ಅಷ್ಟರಲ್ಲಿ ಡಿಸ್ಕೂ ಹಾಳಾಗಿದ್ದರೆ ಮತ್ತೆ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಇಡೀ 2352 ಬೈಟನ್ನೂ ಬಿನ್ ಫೈಲಿಗೆ ಇಳಿಸಿಕೊಳ್ಳಿ. ಲಿನಕ್ಸಿನಲ್ಲಿ ಸಿಡಿಆರ್‌ಡಿಎಒ ಎಂಬ ಉಚಿತ ತಂತ್ರಾಂಶಕ್ಕೆ ರಾ ಮೋಡ್‌ನಲ್ಲಿ ಓದಲು ಹೇಳಿದರೆ ಸಾಕು. ಬಿನ್ ಜೊತೆಗೆ ಅದು ಟಿಒಸಿ ಫೈಲು ಕೊಡುತ್ತದೆ, ಅದನ್ನು ಟಿಒಸಿ2ಕ್ಯೂ ಬಳಸಿ ಕ್ಯೂ ಫೈಲಾಗಿ ಮಾಡಿಕೊಳ್ಳಿ. ಈ ಕ್ಯೂ ಫೈಲು ಪುಟ್ಟ ಪಠ್ಯ; ಯಾವ ಟ್ರ್ಯಾಕ್ ಎಲ್ಲಿ ಶುರು, ಯಾವ ಮೋಡ್ ಎಂದು ಅದರಲ್ಲಿರುತ್ತದೆ. ನೋಟ್‌ಪ್ಯಾಡಿನಲ್ಲೇ ತೆರೆದು ನೋಡಿ. "ಮೋಡ್1/2352" ಎಂದಿದ್ದರೆ ಅದು ಡೇಟಾ ಸಿಡಿ, ಬಿಚಂಕ್ ಬಳಸಿ ಧೈರ್ಯವಾಗಿ ಐಎಸ್‌ಒ ಮಾಡಬಹುದು. ವಿಸಿಡಿಯಲ್ಲಿ "ಮೋಡ್2/2352" ಎಂದಿರುತ್ತದೆ. ಆಗ ವಿಸಿಡಿಇಮೇಜರ್ ಪ್ಯಾಕೇಜಿನ ವಿಸಿಡಿಎಕ್ಸ್‌ರಿಪ್ ಬಳಸಿ ಎಂಪೆಗ್ ವಿಡಿಯೊವನ್ನು ಹೊರತೆಗೆಯಿರಿ. ಇಲ್ಲಿ ಮರು ಎನ್‌ಕೋಡಿಂಗ್ ಇಲ್ಲ, ಹಾಗಾಗಿ ಗುಣಮಟ್ಟ ಇಳಿಯುವುದಿಲ್ಲ. ಡಿವಿಡಿಯ ಸೆಕ್ಟರಿನಲ್ಲಿ ಮಾಹಿತಿಯ ಅಳತೆ ಹೇಗೂ 2048 ಬೈಟ್. ಅದಕ್ಕೆ ಐಎಸ್‌ಒ ಸಾಕು.

ಹಳೆಯ ಕಂಪ್ಯೂಟರಿನಲ್ಲಿ ನೀರೋ ಮಾಡಿಟ್ಟ ಎನ್‌ಆರ್‌ಜಿ ಫೈಲು ಸಿಕ್ಕಿದರೆ, ಕೊನೆಯ ಮೂರಕ್ಷರ ಅಳಿಸಿ ಐಎಸ್‌ಒ ಎಂದು ಬರೆಯುವುದು ಪರಿವರ್ತನೆಯಲ್ಲ. ನೀರೋ ತನ್ನದೇ ವಿವರಗಳನ್ನು ಫೈಲಿನ ಕೊನೆಗೆ ಸೇರಿಸಿರುತ್ತದೆ, ಹೆಸರು ಬದಲಾದರೂ ಅದು ಒಳಗೇ ಇರುತ್ತದೆ. ಡೇಟಾ ಡಿಸ್ಕಿನದ್ದಾದರೆ ಎನ್‌ಆರ್‌ಜಿ2ಐಎಸ್‌ಒ ಬಳಸಿ.

ವಿಡಿಯೊ ಸಿಕ್ಕಿತು ಅಂತ ಬಿನ್, ಕ್ಯೂ ಅಳಿಸಬೇಡಿ. ಎರಡು ಕಡೆ ಇಡಿ, ಶಾ-256 ಮೊತ್ತ ತೆಗೆದು ಎರಡೂ ಪ್ರತಿ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿ. ಮನೆಯವರಿಗೆ ನೋಡಲು ಕೊಡುವುದು ಸರಿ. ಅಂತರ್ಜಾಲಕ್ಕೆ ಏರಿಸುವ ಮುನ್ನ ಕಲಾವಿದರನ್ನೂ ವಿಸಿಡಿ ಹೊರತಂದವರನ್ನೂ ಕೇಳಬೇಕು. ಈ ಸಲ ರಜೆಗೆ ಹೋಗುವಾಗ ಒಂದು ಯುಎಸ್‌ಬಿ ಸಿಡಿ ಡ್ರೈವ್ ಹಿಡಿದುಕೊಂಡು ಹೋಗಿ.