ಉಗಿಬಂಡಿ ಹತ್ತಬೇಕಂದ್ರ ಮೊದಲು ಕಬ್ಬು ಹೋಗಬೇಕು

ತಿಮ್ಮಾಪುರ: ಮುಧೋಳ ಬಸ್ಸಿಗೆ ಕಾಯುವ ಮಂದಿ ಇಲ್ಲಿ ಸಾಮಾನ್ಯವಾಗಿ ಮಾತಾಡುವುದು ಎರಡೇ ವಿಷಯ. ಒಂದು ಕಬ್ಬಿನ ಬಿಲ್ಲು, ಇನ್ನೊಂದು ಮಳೆ. ಈಗೀಗ ಚಹಾ ಅಂಗಡಿಯ ಬೆಂಚಿನ ಮೇಲೆ ಮೂರನೆಯದೊಂದು ಸೇರಿಕೊಂಡಿದೆ. ಅದು ರೈಲು. ಅದೂ ಸಾದಾ ರೈಲಲ್ಲ, ಬುಸುಗುಡುತ್ತ ಗುಡ್ಡ ಏರುವ ಉಗಿಬಂಡಿ.

ಹತ್ತು ಹನ್ನೆರಡು ಜನ ಸೇರಿ ಭಿಶಿ ಹಾಕಿದ್ದಾರೆ. ಅವರಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಕಬ್ಬಿನ ರೈತರಿದ್ದಾರೆ, ದಿನಾ ಬಸ್ಸಿನಲ್ಲಿ ಮುಧೋಳಕ್ಕೆ ಓಡಾಡುವ ನೌಕರರೂ ಇದ್ದಾರೆ. ಈ ಸಲದ ದುಡ್ಡಿನಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಉಗಿಬಂಡಿ ಹತ್ತಿ ಬರೋಣ ಎಂದು ಠರಾವಾಗಿದೆ. ಠರಾವು ಮಾಡುವುದು ಸುಲಭ. ಎಲ್ಲಿಗೆ, ಯಾವಾಗ, ಹೇಗೆ ಎಂಬುದೇ ತಲೆನೋವು.

ಇದಕ್ಕೆಲ್ಲ ಮೂಲ ಎಪ್ಪತ್ತು ದಾಟಿದ ಒಬ್ಬ ಕಾಕಾ. ಸಣ್ಣವರಿದ್ದಾಗ ಬಾಗಲಕೋಟೆಯಿಂದ ಗದಗಕ್ಕೆ ಉಗಿಬಂಡಿಯಲ್ಲಿ ಹೋದವರು. ಹೋಟಗಿ-ಗದಗ ಮಾರ್ಗ 1884ರಷ್ಟು ಹಳೆಯದು. ಅಲ್ಲಿ ಉಗಿ ಇಂಜಿನ್ ಹೋಗಿ ಡೀಸೆಲ್ ಬಂತು, ಆಮೇಲೆ ಮೀಟರ್‌ಗೇಜೇ ಹೋಗಿ ಬ್ರಾಡ್‌ಗೇಜ್ ಬಂತು. ಕಾಕಾರ ಕಣ್ಣಿಗೆ ಬಿದ್ದಿದ್ದ ಇದ್ದಲ ಕಿಡಿಯ ಕತೆ ಮಾತ್ರ ಉಳಿಯಿತು. ಅದನ್ನು ಕೇಳಿದ ಮೊಮ್ಮಗ ಒಂದು ದಿನ ಪ್ರಶ್ನೆ ಹಾಕಿದ: "ಅಜ್ಜಾ, ಇಂಜಿನ್ದಾಗ ಬೆಂಕಿ ಹಾಕಿದ್ರ ಬಂಡೀನ ಸುಟ್ಟು ಹೋಗೂದಿಲ್ಲೇನು?"

ಬಾಯಿಂದ ಹೇಳಿದರೆ ತಿಳಿಯುವ ಮಾತಲ್ಲ, ತೋರಿಸಲೇಬೇಕು ಎಂದು ಕಾಕಾ ಹಟ ಹಿಡಿದಿದ್ದಾರೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಇದೆ, ಮೈಸೂರಿನದು 1979ರಿಂದಲೇ ಇದೆ. "ನಿಂತ ಇಂಜಿನ್ ಯಾಕ ನೋಡೂದ್ರೀ? ಕಟ್ಟಿ ಹಾಕಿದ ಎತ್ತಿನಂಗ" ಎಂಬುದು ಅವರ ವಾದ.

ಹತ್ತಿರದ ಘಟ್ಟದಲ್ಲಿ ಉಗಿ ಇಲ್ಲ

"ಕಾಕಾ, ಕ್ಯಾಸಲ್‌ರಾಕ್‌ಗೆ ಹೋಗೂಣ ನಡೀರಿ. ಬೆಳಗಾವಿ ದಾಟಿದ್ರ ಲೋಂಡಾ, ಲೋಂಡಾ ದಾಟಿದ್ರ ಘಟ್ಟ" ಎಂದು ಮೊದಲು ಸೂಚಿಸಿದವರು ಹುಡುಗರು. ಮಾತು ಸುಳ್ಳಲ್ಲ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆವರೆಗಿನ ಸುಮಾರು 26 ಕಿಲೋಮೀಟರ್ ಘಟ್ಟ ನಾಡಿನ ಕಡಿದಾದ ರೈಲು ಮಾರ್ಗಗಳಲ್ಲೊಂದು. 37 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಏರು. ಇಂದಿಗೂ ಭಾರದ ಗಾಡಿ ಬಂದರೆ ಹಿಂದಿನಿಂದ ನೂಕಲು ಬೇರೆ ಇಂಜಿನ್ ಕಟ್ಟುತ್ತಾರೆ. ದೂಧಸಾಗರ ಜಲಪಾತ ಇರುವುದೂ ಇದೇ ದಾರಿಯಲ್ಲಿ. ಆದರೆ ಉಗಿಬಂಡಿ ಅಲ್ಲಿಂದ ಮಾಯವಾಗಿ ಎಷ್ಟೋ ವರ್ಷವಾಯಿತು. ಘಟ್ಟ ಇದೆ, ಉಗಿ ಇಲ್ಲ.

ಎರಡೂ ಒಟ್ಟಿಗೆ ಸಿಗುವುದು ನೀಲಗಿರಿಯಲ್ಲಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಕೂನೂರುವರೆಗಿನ ಹಳಿ 1899ರಲ್ಲಿ ತೆರೆಯಿತು, ಊಟಿ ಮುಟ್ಟಿದ್ದು 1908ರಲ್ಲಿ. 208 ತಿರುವು, 250 ಸೇತುವೆ, 16 ಸುರಂಗ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1998ರ 'ದಿಲ್ ಸೇ' ಚಿತ್ರದಲ್ಲಿ ಶಾರುಖ್ ಖಾನ್ ಡಬ್ಬಿಯ ಮೇಲೆ ಹತ್ತಿ ಕುಣಿದದ್ದು ಇದೇ ರೈಲು ಎಂದ ಕೂಡಲೇ ಹುಡುಗರು ಕ್ಯಾಸಲ್‌ರಾಕ್ ಮರೆತರು.

ಕಬ್ಬಿನ ಟ್ರ್ಯಾಕ್ಟರಿನ ಪಾಠ

ಇಲ್ಲಿನ ಏರು 12 ಅಡಿಗೆ 1 ಅಡಿ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಏರಿನಲ್ಲಿ ಮುಂಗಾಲಿ ಎತ್ತುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನುಣುಪು ಹಳಿಯ ಮೇಲೆ ನುಣುಪು ಚಕ್ರ ಇಂಥ ಕಡೆ ಜಾರುತ್ತದೆ. ಅದಕ್ಕೇ ಕಲ್ಲಾರಿನಿಂದ ಕೂನೂರುವರೆಗೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಕೂರಿಸಿದ್ದಾರೆ. ಇಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲಿನ ಚಕ್ರ ಅದನ್ನು ಕಚ್ಚಿ ಹಿಡಿದು ಮೇಲೇರುತ್ತದೆ.

ಇಂಜಿನ್ ಇರುವುದು ಮುಂದೆ ಅಲ್ಲ, ಹಿಂದೆ. ಇಳಿಜಾರಿನ ಕಡೆ ನಿಂತು ಡಬ್ಬಿಗಳನ್ನು ಮೇಲಕ್ಕೆ ನೂಕುತ್ತದೆ. ಡಬ್ಬಿಗಳು ಹಿಂದೆ ಜರಿದರೆ ತಡೆಯಲು ಇಂಜಿನ್ನೇ ಅಡ್ಡ ಇರಬೇಕು. ಅದೂ ಸಾಲದೆಂದು ಡಬ್ಬಿಗಳ ಮೇಲೆ ಬ್ರೇಕ್‌ಮನ್ ನಿಂತಿರುತ್ತಾರೆ. ಏರುವುದಕ್ಕೆ ಬಲ ಬೇಕು, ಇಳಿಯುವುದಕ್ಕೆ ಎಚ್ಚರ ಬೇಕು.

ಮೊದಲಿನ ಇಂಜಿನ್ನುಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದವು. 2011ರಿಂದ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ರೈಲ್ವೆ ಕಾರ್ಖಾನೆಯಲ್ಲಿ ಹೊಸವನ್ನೂ ಕಟ್ಟಿದ್ದಾರೆ. ಚಕ್ರ ತಿರುಗಿಸಿ ದಣಿದ ಉಗಿಯನ್ನು ಈ ಇಂಜಿನ್ ಹಾಗೇ ಹೊರಗೆ ಬಿಡುವುದಿಲ್ಲ, ಹಲ್ಲಿನ ಚಕ್ರ ತಿರುಗಿಸಲು ಇನ್ನೊಮ್ಮೆ ದುಡಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಟರ್ಬೈನ್ ತಿರುಗಿಸಿದ ಉಗಿಯಲ್ಲೇ ಹಾಲು ಕುದಿಸುವುದನ್ನು ಕಂಡವರು ಬೆಂಚಿನ ಮೇಲಿದ್ದರು. "ಹಂಗಂದ್ರ ನಮ್ಮ ಫ್ಯಾಕ್ಟರಿ ಲೆಕ್ಕಾನ ಐತಿ ಬಿಡ್ರಿ" ಎಂದು ತಲೆದೂಗಿದರು. ಇಷ್ಟು ದುಡಿದರೂ ಬಾಯಾರಿಕೆ ತಪ್ಪದು. ದಾರಿಯ ಸ್ಟೇಷನ್ನುಗಳಲ್ಲಿ ನಿಂತು ನೀರು ಕುಡಿದೇ ಮುಂದೆ ಹೋಗಬೇಕು.

ಟಿಕೆಟ್ ತೆಗೆಯುವಾಗ ಮೋಸ ಹೋಗಬೇಡಿ

ಹೋಗುವವರು ಗಂಟು ಹಾಕಿಕೊಳ್ಳಬೇಕಾದ ಮಾತು ಇಲ್ಲಿದೆ. ಉಗಿ ಇಂಜಿನ್ ಇರುವುದು ಮೆಟ್ಟುಪಾಳ್ಯ-ಕೂನೂರು ನಡುವೆ ಮಾತ್ರ. ಕೂನೂರಿನಿಂದ ಮೇಲೆ ಊಟಿಗೆ ಡೀಸೆಲ್ ಇಂಜಿನ್. ಮೈಸೂರು, ಗುಂಡ್ಲುಪೇಟೆ ಮೇಲಿಂದ ಬಸ್ಸಿನಲ್ಲಿ ನೇರ ಊಟಿಗೆ ಹೋಗಿ, ಅಲ್ಲಿಂದ ಕೂನೂರಿಗೆ ಒಂದು ಸುತ್ತು ಹೊಡೆದು ಬಂದವರು ಉಗಿಬಂಡಿ ಹತ್ತಿದಂತೆ ಆಗಲಿಲ್ಲ. ಆ ದಾರಿಯಲ್ಲೇ ಹೋಗುವವರು ಮಧ್ಯಾಹ್ನ 2ಕ್ಕೆ ಊಟಿ ಬಿಡುವ ರೈಲಿನಲ್ಲಿ ಮೆಟ್ಟುಪಾಳ್ಯದವರೆಗೂ ಇಳಿಯಬೇಕು. ಕೂನೂರಿನಿಂದ ಕೆಳಗೆ ಉಗಿ ಸಿಗುತ್ತದೆ.

ಏರುವ ಇಂಜಿನ್ನಿನ ಏದುಸಿರು ಕೇಳಬೇಕೆಂದರೆ ಬೆಳಿಗ್ಗೆ 7.10ರ ರೈಲೇ ಸರಿ. ಊಟಿ ಮುಟ್ಟುವುದು ಮಧ್ಯಾಹ್ನ 12ಕ್ಕೆ. 46 ಕಿಲೋಮೀಟರಿಗೆ ಐದು ತಾಸು ಹತ್ತಿರ ಹತ್ತಿರ! ನಮ್ಮ ಕಡೆಯವರು ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಕೊಯಮತ್ತೂರು ಸೇರಿ, ಹಿಂದಿನ ರಾತ್ರಿಯೇ ಮೆಟ್ಟುಪಾಳ್ಯದಲ್ಲಿ ಉಳಿಯುವುದು ಲೇಸು. ಸ್ವಂತ ಗಾಡಿಯಲ್ಲಿ ಗುಡ್ಡ ಏರುವವರಿಗೆ 2024ರ ಮೇ ತಿಂಗಳಿಂದ ನೀಲಗಿರಿಯ ಇ-ಪಾಸ್ ಕಟ್ಟಳೆ ಬಂದಿದೆ. ಅದನ್ನೂ ವಿಚಾರಿಸಿಕೊಂಡೇ ಹೊರಡಬೇಕು.

"ಅಷ್ಟೂ ಬಂಡಿ ನಮಗಽ ಬಾಡಿಗಿ ಹಿಡದ್ರ ಹೆಂಗ?" ಎಂದು ಕಿರಾಣಿ ಅಣ್ಣನವರು ಕೇಳಿದ್ದುಂಟು. ಹಿಡಿಯಬಹುದು. 2018ರಲ್ಲಿ ಇಂಗ್ಲೆಂಡಿನಿಂದ ಬಂದ ನವದಂಪತಿ ಲಕ್ಷಗಟ್ಟಲೆ ಕೊಟ್ಟು ಇಡೀ ರೈಲನ್ನೇ ಬಾಡಿಗೆ ಹಿಡಿದು ಇಬ್ಬರೇ ಏರಿದ್ದರು. ಅದನ್ನು ಕೇಳಿ ಅಣ್ಣನವರು ಮತ್ತೊಂದು ಚಹಾ ಹೇಳಿ ಸುಮ್ಮನಾದರು.

ಯಾವಾಗ ಹೋಗುವುದು?

ಎಲ್ಲ ಬಂದು ಸಿಕ್ಕಿಕೊಂಡದ್ದು ಇಲ್ಲೇ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆ ಗುಡ್ಡಕ್ಕೆ ಹಿಂಗಾರು ಮಳೆ. ಹಳಿಯ ಮೇಲೆ ಮಣ್ಣು, ಬಂಡೆ ಕುಸಿದು ರೈಲು ರದ್ದಾಗುವುದು ಅಲ್ಲಿ ಮಾಮೂಲು. ರೈಲು ರದ್ದಾದರೆ ಆ ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತದೆ, ಲಾಡ್ಜಿನ ಬಾಡಿಗೆ ಯಾರು ಕೊಡುತ್ತಾರೆ? ಜನವರಿ, ಫೆಬ್ರವರಿ ಹವೆ ಚಲೋ. ಆದರೆ ಅದೇ ಹೊತ್ತಿಗೆ ನಮ್ಮಲ್ಲಿ ಕಬ್ಬು ಕಡಿಯುವ ಸುಗ್ಗಿ. ಗ್ಯಾಂಗಿನವರು ಯಾವ ದಿನ ಯಾರ ಹೊಲಕ್ಕೆ ಬರುತ್ತಾರೋ ದೇವರೇ ಬಲ್ಲ. "ನನ್ನ ಕಬ್ಬು ಹೋಗೂತನಕಾ ನಾ ಎಲ್ಲೂ ಬರಾಂಗಿಲ್ಲ. ಇಂಜಿನ್ ನೋಡಾಕ ಹ್ವಾದ್ರ ಕಬ್ಬು ಒಣಗ್ತೈತಿ" ಎಂದು ಕಾಕಾ ಖಡಾಖಂಡಿತ ಹೇಳಿಬಿಟ್ಟರು. ಮಾರ್ಚ್ ಬಂದರೆ ಮೊಮ್ಮಗನ ಪರೀಕ್ಷೆ. ಮೇ ಬಂದರೆ ಊಟಿಯಲ್ಲಿ ಕಾಲಿಡಲು ಜಾಗವಿಲ್ಲ, ಬೆರಳೆಣಿಕೆಯ ಡಬ್ಬಿಗಳ ಈ ರೈಲಿನಲ್ಲಿ ಸೀಟು ಸಿಗುವುದೂ ದುಸ್ತರ.

ಉಳಿದದ್ದು ಏಪ್ರಿಲ್ ನಡುವಿನ ಒಂದು ವಾರ. ಪರೀಕ್ಷೆ ಮುಗಿದಿರುತ್ತದೆ, ಊಟಿಯ ಜಾತ್ರೆ ಇನ್ನೂ ಕೂಡಿರುವುದಿಲ್ಲ. ಶನಿವಾರ-ರವಿವಾರ ಬಿಟ್ಟು ವಾರದ ನಡುವಿನ ದಿನ ಹಿಡಿಯುವುದೆಂದು ಎಲ್ಲರೂ ಒಪ್ಪಿದರು. ಆದರೆ ರೈಲ್ವೆಯ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನ ಮೊದಲು ತೆರೆಯುತ್ತದೆ. ಅಂದರೆ ಫೆಬ್ರವರಿ ನಡುವೆಯೇ ದುಡ್ಡು ಕಟ್ಟಬೇಕು. ಆಗ ಎಷ್ಟೋ ಜನರ ಕಬ್ಬು ಹೊಲದಲ್ಲೇ ಇರುತ್ತದೆ, ಹೋದವರ ಬಿಲ್ಲೂ ಕೈಗೆ ಬಂದಿರುವುದಿಲ್ಲ. ಅದಕ್ಕೇ ಭಿಶಿ. ಫೆಬ್ರವರಿಯ ಪಾಳಿಯನ್ನು ಹರಾಜು ಹಾಕದೆ ಟಿಕೆಟ್ಟಿಗೇ ಇಡಬೇಕು, ಕಬ್ಬಿನವರು ಬಿಲ್ಲು ಬಂದ ಮೇಲೆ ತುಂಬಬೇಕು ಎಂದು ಅಂಗಡಿಯವರೇ ಮುಂದಾಗಿ ಹೇಳಿದ್ದಾರೆ. ಕಾಕಾರ ಟಿಕೆಟ್ ಮೊದಲು ತೆಗೆಯಬೇಕೆಂಬುದೂ ತೀರ್ಮಾನವಾಗಿದೆ.

ಅಂದಹಾಗೆ ಈ ಸೀಮೆಗೂ ಒಂದು ರೈಲು ಬರಬೇಕಾಗಿದೆ. 2010ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ಮಾರ್ಗ ಸುಮಾರು 142 ಕಿಲೋಮೀಟರ್. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ತುಂಡು ಮೊದಲು ಮುಗಿಯಿತು. ಇತ್ತ ಗುಡ್ಡವೂ ಇಲ್ಲ, ಹಲ್ಲಿನ ಹಳಿಯೂ ಬೇಕಿಲ್ಲ. ಅಷ್ಟು ಕಡಿದಾದ ನೀಲಗಿರಿಯನ್ನು 1908ರಲ್ಲೇ ರೈಲು ಏರಿತ್ತು ಎಂದಾಗ ಬೆಂಚಿನ ಮೇಲೆ ಯಾರೂ ಮಾತಾಡಲಿಲ್ಲ.

"ಊಟಿ ರೈಲು ನಾ ತೋರಸ್ತೀನಿ" ಎಂದರು ಕಾಕಾ, ಮುಧೋಳ ಬಸ್ಸು ಕಂಡು ಮೇಲೇಳುತ್ತ. "ಮುಧೋಳದ ರೈಲು ಅಂವಾ ನನಗ ತೋರಸ್ಲಿ."