ಮಯೋರ್ಕಾದ ಘಾಟಿಗಳಿಗೆ ಸೈಕಲ್ ಬಂದ ಬಗೆ

ಸ್ಪೇನ್‌ಗೆ ಸೇರಿದ ಮಯೋರ್ಕಾ ದ್ವೀಪದ ವಾಯವ್ಯ ಅಂಚಿನಲ್ಲಿ ಸಾ ಕಲೋಬ್ರಾ ಎಂಬ ಪುಟ್ಟ ಕೊಲ್ಲಿಯಿದೆ. ಬೆರಳೆಣಿಕೆಯ ಮನೆಗಳು, ಕೆಲವು ಹೋಟೆಲುಗಳು, ಬೆಣಚುಕಲ್ಲು ಹರಡಿದ ದಂಡೆ, ಪಕ್ಕದಲ್ಲೇ ಕಡಲಿಗೆ ಬಾಯ್ದೆರೆದ ಕಡಿದಾದ ಕಮರಿ. 1930ರ ದಶಕದ ಆರಂಭದವರೆಗೆ ಇಲ್ಲಿಗೆ ಬರಬೇಕೆಂದರೆ ದೋಣಿ ಹತ್ತಬೇಕಿತ್ತು. ಇಲ್ಲವಾದರೆ ಹೇಸರಗತ್ತೆ ನಡೆಯುವ ಕಾಲುದಾರಿಯೇ ಗತಿ. ಇಂದು ಯುರೋಪಿನಲ್ಲಿ ಗಂಭೀರವಾಗಿ ಸೈಕಲ್ ತುಳಿಯುವವರಲ್ಲಿ ಈ ಊರಿನ ಹೆಸರು ಕೇಳದವರು ಅಪರೂಪ. ಊರಿಗಾಗಿ ಅವರು ಬರುವುದಿಲ್ಲ, ಊರಿಗಿಳಿಯುವ ರಸ್ತೆಗಾಗಿ ಬರುತ್ತಾರೆ.

ಆ ರಸ್ತೆಯನ್ನು ರೂಪಿಸಿದವರು ಅಂತೋನಿ ಪರಿಯೆತ್ತಿ ಎಂಬ ಎಂಜಿನಿಯರ್. ಕಾಮಗಾರಿ ನಡೆದದ್ದು 1932ರ ಸುಮಾರಿಗೆ. ಮೇಲಿನ ಕೋಲ್ ದೆಲ್ಸ್ ರೇಯಿಸ್ ಕಣಿವೆದಾರಿ ಇರುವುದು 682 ಮೀಟರ್ ಎತ್ತರದಲ್ಲಿ, ಕೆಳಗೆ ಕಡಲು. ನಡುವಿನ ದೂರ ಕಡಿಮೆ, ಇಳಿಜಾರು ಭೀಕರ. ಪರಿಯೆತ್ತಿ ಒಂದೂ ಸುರಂಗ ಕೊರೆಯಲಿಲ್ಲ. ಬೆಟ್ಟದ ಮಡಿಕೆಗಳನ್ನೇ ಅನುಸರಿಸಿ, ಸುತ್ತು ಬಳಸಿ, ಸುಮಾರು ಒಂಬತ್ತೂವರೆ ಕಿಲೋಮೀಟರ್ ಉದ್ದಕ್ಕೆ ರಸ್ತೆಯನ್ನು ಎಳೆದರು. ಒಂದು ಕಡೆ ಕಡಿದ ಬಂಡೆಯನ್ನೇ ಇನ್ನೊಂದು ಕಡೆಯ ತಗ್ಗಿಗೆ ತುಂಬಿಸಿದರು. ಹೀಗೆ ಕಡಿದು ಸಾಗಿಸಿದ ಕಲ್ಲು ಸುಮಾರು 31,000 ಘನ ಮೀಟರ್. ಗುದ್ದಲಿ, ಹಾರೆ, ಸುತ್ತಿಗೆಗಳಿಂದ, ಕೂಲಿಯಾಳುಗಳ ಕೈಯಿಂದಲೇ ಆದ ಕೆಲಸವದು.

ಘಾಟಿಯ ಮೇಲ್ಭಾಗದಲ್ಲಿ ಒಂದು ಕಡೆ ತಿರುವಿಗೆ ಜಾಗವೇ ಸಾಲದಾಯಿತು. ಅಲ್ಲಿ ರಸ್ತೆ 270 ಡಿಗ್ರಿ ಸುತ್ತಿಕೊಂಡು, ತನ್ನದೇ ಸೇತುವೆಯ ಅಡಿಯಲ್ಲಿ ನುಸುಳಿ ಆಚೆ ಬರುತ್ತದೆ. ‘ಟೈ ಗಂಟು’ ಎಂಬುದು ಅದಕ್ಕೆ ಸ್ಥಳೀಯರಿಟ್ಟ ಹೆಸರು. ಕೊರಳಿಗೆ ಟೈ ಕಟ್ಟಿಕೊಳ್ಳುತ್ತಿದ್ದಾಗಲೇ ಪರಿಯೆತ್ತಿಗೆ ಈ ಯೋಚನೆ ಹೊಳೆಯಿತು ಎಂಬ ಕಥೆ ದ್ವೀಪದಲ್ಲಿ ಚಾಲ್ತಿಯಲ್ಲಿದೆ. ಕಥೆ ನಿಜವೋ ಅಲ್ಲವೋ, ಆ ಗಂಟಿನ ಮೇಲೆ ನಿಂತು ಕೆಳಗೆ ನೋಡಿದವರಿಗೆ ಅದನ್ನು ನಂಬಬೇಕೆನಿಸುತ್ತದೆ. ದಂಡೆ ಸಮೀಪಿಸಿದಾಗ ರಸ್ತೆ ಎರಡು ಭಾರಿ ಬಂಡೆಗಳ ನಡುವಿನ ಬಿರುಕಿನಲ್ಲಿ ತೂರಿಕೊಂಡು ಹೋಗುತ್ತದೆ. ಬಸ್ಸು ಬಂದರೆ ಅಲ್ಲಿ ಸೈಕಲ್ಲಿಗೂ ಎಡೆಯಿರುವುದಿಲ್ಲ.

ಇಷ್ಟು ದುಡಿಮೆ ಯಾರಿಗಾಗಿ? ಆ ಕಾಲದ ಪ್ರವಾಸಿಗರಿಗಾಗಿ. ಮಯೋರ್ಕಾದಲ್ಲಿ ಪ್ರವಾಸೋದ್ಯಮವನ್ನು ಬೆಳೆಸಲು 1905ರಲ್ಲೇ ಒಂದು ಸಂಘ ಹುಟ್ಟಿತ್ತು. ದ್ವೀಪದ ಈಶಾನ್ಯ ತುದಿಯ ಫೊರ್ಮೆಂತೋರ್‌ನಲ್ಲಿ 1929ರಲ್ಲಿ ಅರ್ಜೆಂಟೀನಾದ ಆದಾನ್ ದೀಲ್ ಐಷಾರಾಮಿ ಹೋಟೆಲ್ ತೆರೆದರು. ಆ ಭೂಶಿರದ ದೀಪಸ್ತಂಭ ಬೆಳಗಿದ್ದು 1863ರಲ್ಲಿ. ಆಗ ಅಲ್ಲಿಗೆ ರಸ್ತೆಯೇ ಇರಲಿಲ್ಲ. ಪೋರ್ಟ್ ದೆ ಪೊಯೆನ್ಸಾದಿಂದ ಅಲ್ಲಿಯವರೆಗೆ ಏರಿಳಿಯುತ್ತ ಸಾಗುವ ರಸ್ತೆಯ ಹಿಂದೆಯೂ ಪರಿಯೆತ್ತಿಯವರ ಕೈಯಿದೆ. ಆ ಹಾದಿಯ ವೀಕ್ಷಣಾ ತಾಣದಲ್ಲಿ ಅವರ ಸ್ಮಾರಕವೂ ಇದೆ.

ಸೈಕಲ್ಲಿಗೂ ದ್ವೀಪಕ್ಕೂ ನಂಟು ಬೆಸೆದದ್ದು ಬೆಟ್ಟದಲ್ಲಲ್ಲ, ಟ್ರ್ಯಾಕಿನಲ್ಲಿ. ರಾಜಧಾನಿ ಪಾಲ್ಮಾದ ತಿರಾದೋರ್ ವೆಲೋಡ್ರೋಮ್ 1903ರಲ್ಲಿ ಶುರುವಾಯಿತು. ಮೋಟಾರ್‌ಸೈಕಲ್ಲಿನ ಬೆನ್ನಿಗಂಟಿಕೊಂಡಂತೆ ಅತಿವೇಗದಲ್ಲಿ ತುಳಿಯುವ ಸ್ಪರ್ಧೆಯಲ್ಲಿ ಫೆಲಾನಿಚ್ ಊರಿನ ಗಿಯೆಮ್ ತಿಮೋನೆರ್ 1955ರಿಂದ 1965ರೊಳಗೆ ಆರು ಬಾರಿ ವಿಶ್ವ ಚಾಂಪಿಯನ್ ಆದರು. ಪೊರೇರೆಸ್ ಊರಿನ ಜೋವಾನ್ ಯನೇರಾಸ್ 2000 ಮತ್ತು 2008ರ ಒಲಿಂಪಿಕ್ಸ್‌ನ ಪಾಯಿಂಟ್ಸ್ ರೇಸ್‌ನಲ್ಲಿ ಚಿನ್ನ ಗೆದ್ದರು. ಹೊರಗಿನವರು ಸೈಕಲ್ ಹೊತ್ತು ಬರುವ ಎಷ್ಟೋ ಮೊದಲೇ ಇಲ್ಲಿಯ ಹಳ್ಳಿಗರಿಗೆ ಈ ಆಟ ಚೆನ್ನಾಗಿ ಗೊತ್ತಿತ್ತು. ಪ್ರವಾಸದ ಕಥೆ ಹೇಳುವವರು ಸಾಮಾನ್ಯವಾಗಿ ಮರೆಯುವ ಮಾತಿದು.

ಮುಂದಿನ ತಿರುವು ಕೊಟ್ಟದ್ದು ಖಾಲಿ ಕೋಣೆಗಳು. 1960ರ ದಶಕದಿಂದ ಚಾರ್ಟರ್ ವಿಮಾನಗಳಲ್ಲಿ ಬಂದಿಳಿದ ಜನ ಬೇಸಿಗೆಯಲ್ಲಿ ಕಡಲತೀರ ತುಂಬುತ್ತಿದ್ದರು. ಚಳಿಗಾಲ ಬಂತೆಂದರೆ ಸಾಲುಸಾಲು ಹೋಟೆಲುಗಳಿಗೆ ಬೀಗ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ರಸ್ತೆಯೆಲ್ಲ ಹಿಮ. ಸವಾರರಿಗೆ ಅಭ್ಯಾಸಕ್ಕೆ ಜಾಗವಿಲ್ಲ. ಮಯೋರ್ಕಾದಲ್ಲಿ ಫೆಬ್ರುವರಿಗೇ ಬಾದಾಮಿ ಹೂ ಬಿಟ್ಟಿರುತ್ತದೆ. ಈ ಎರಡು ಕೊರತೆಗಳನ್ನು ಹೊಂದಿಸಿದವರಲ್ಲಿ ಪ್ರಮುಖರು ಸ್ವಿಸ್ ಸವಾರ ಮ್ಯಾಕ್ಸ್ ಹುರ್ಟ್ಸೆಲರ್. 1987ರಲ್ಲಿ ಅವರು ವಿಶ್ವ ಚಾಂಪಿಯನ್ ಆದದ್ದೂ ತಿಮೋನೆರ್ ಮೆರೆದ ಅದೇ ಮೋಟಾರ್ ಬೆನ್ನಟ್ಟಿನ ಸ್ಪರ್ಧೆಯಲ್ಲಿ. ಸ್ಪರ್ಧೆ ಬಿಟ್ಟ ಮೇಲೆ ಅವರು ದ್ವೀಪದಲ್ಲಿ ಸೈಕಲ್ ರಜೆಗಳ ಕಂಪನಿ ಕಟ್ಟಿದರು. ಬಾಡಿಗೆ ಸೈಕಲ್, ವೇಗಕ್ಕೆ ತಕ್ಕ ಗುಂಪು, ದಾರಿ ತೋರುವ ಮುಂದಾಳು, ಹೋಟೆಲಿನಲ್ಲೇ ಸೈಕಲ್ ಇಡುವ ಕೋಣೆ ಎಂಬ ಏರ್ಪಾಡು ಈಗ ದ್ವೀಪದಲ್ಲಿ ಎಲ್ಲೆಲ್ಲೂ ಇದೆ.

ವೃತ್ತಿಪರ ತಂಡಗಳೂ ಬಂದವು. 1992ರಿಂದ ಋತುವಿನ ಆರಂಭದಲ್ಲಿ ‘ಮಯೋರ್ಕಾ ಚಾಲೆಂಜ್’ ಸ್ಪರ್ಧೆಗಳು ನಡೆಯುತ್ತಿವೆ. 2012ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಬ್ರಿಟಿಷ್ ಸವಾರ ಬ್ರಾಡ್ಲಿ ವಿಗಿನ್ಸ್ ಕೂಡ ಇದೇ ಬೆಟ್ಟಗಳಲ್ಲಿ ತರಬೇತಿ ಪಡೆದವರು. ಹವ್ಯಾಸಿಗಳಿಗಾಗಿ 2010ರಲ್ಲಿ ‘ಮಯೋರ್ಕಾ 312’ ಹುಟ್ಟಿತು. ದ್ವೀಪವನ್ನು ಸುತ್ತಿ ಬರುವ 312 ಕಿಲೋಮೀಟರ್ ಹಾದಿ ಅದರ ಹೆಸರಿನಲ್ಲೇ ಇದೆ. ಈಗ ಮಾರ್ಗ ಬದಲಾಗಿದೆ, ದೂರ ಉಳಿದಿದೆ. ಇಡೀ ದಿನದ ಏರನ್ನು ಕೂಡಿಸಿದರೆ ಸುಮಾರು 5,000 ಮೀಟರ್ ಆಗುತ್ತದೆ.

ಎಲ್ಲಕ್ಕೂ ಬೆನ್ನೆಲುಬು ಸೆರ್ರಾ ದೆ ತ್ರಾಮುಂತಾನಾ ಬೆಟ್ಟಸಾಲು. ಸುಮಾರು 90 ಕಿಲೋಮೀಟರ್ ಉದ್ದದ ಈ ಸುಣ್ಣಕಲ್ಲಿನ ಸಾಲಿನ ಗುಂಟ ಆಂದ್ರಾಚ್‌ನಿಂದ ಪೊಯೆನ್ಸಾದವರೆಗೆ ಒಂದೇ ರಸ್ತೆ ಹರಿದಿದೆ. ಎಡಕ್ಕೆ ನೇರ ಕೆಳಗೆ ಸಮುದ್ರ. ಬಲಕ್ಕೆ ಆಲಿವ್ ಮರಗಳ ಮೆಟ್ಟಿಲು ತೋಟಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳೇ ಆ ತೋಟಗಳ ಮಣ್ಣನ್ನು ಹಿಡಿದಿಟ್ಟಿವೆ. ಮಳೆನೀರು ಸಂದುಗಳಲ್ಲಿ ಸೋರಿ ಹೋಗುವುದರಿಂದ ಗೋಡೆ ಕುಸಿಯುವುದಿಲ್ಲ. 2011ರಲ್ಲಿ ಯುನೆಸ್ಕೊ ಈ ಬೆಟ್ಟಸಾಲಿಗೆ ವಿಶ್ವ ಪರಂಪರೆಯ ಮನ್ನಣೆ ಕೊಟ್ಟದ್ದು ಕಾಡಿಗಾಗಿ ಅಲ್ಲ, ರೈತರ ಈ ಕೈಕೆಲಸಕ್ಕಾಗಿ. ಸವಾರರು ಹೊಗಳುವ ನೋಟದಲ್ಲಿ ಅರ್ಧಪಾಲು ಈ ಗೋಡೆ ಕಟ್ಟಿದವರದ್ದು.

ಸೋಯೆರ್ ಊರಿನ ಹಳೆಯ ಘಾಟಿಗೆ ಸಿಕ್ಕ ಅದೃಷ್ಟ ಬೇರೆ ಬಗೆಯದು. ಪಾಲ್ಮಾಕ್ಕೆ ಹೋಗುವ ವಾಹನಗಳೆಲ್ಲ ಒಂದು ಕಾಲಕ್ಕೆ 496 ಮೀಟರ್ ಎತ್ತರದ ಕಣಿವೆದಾರಿಯ ಹತ್ತಾರು ಹೇರ್‌ಪಿನ್ ತಿರುವುಗಳನ್ನು ದಾಟಲೇಬೇಕಿತ್ತು. 1997ರಲ್ಲಿ ಬೆಟ್ಟದ ಅಡಿಯಲ್ಲಿ ಸುರಂಗ ತೆರೆಯಿತು. ಅವಸರದ ಕಾರು, ಲಾರಿಗಳು ಅದರೊಳಗೆ ಹೊರಟವು. ಮೇಲಿನ ರಸ್ತೆ ನಿಶ್ಶಬ್ದವಾಯಿತು. ಕುದುರೆಗಾಡಿಗಳು ಏರಲೆಂದು ಹದವಾಗಿ ಮಾಡಿದ್ದ ಆ ಇಳಿಜಾರು ಸೈಕಲ್ಲಿಗೂ ಹೊಂದಿಕೊಂಡಿತು. ದ್ವೀಪದ ಅತ್ಯುತ್ತಮ ಘಾಟಿ ಯಾವುದೆಂದು ಕೇಳಿದರೆ ಹೆಚ್ಚಿನವರು ಸಾ ಕಲೋಬ್ರಾ ಎನ್ನುತ್ತಾರೆ. ಆದರೆ ತುಳಿಯುವ ಲಯಕ್ಕೆ ಬೆಲೆ ಕೊಡುವವರು ಸೋಯೆರ್ ಘಾಟಿಯನ್ನೇ ಮೇಲೆನ್ನಬೇಕು.

ಇಷ್ಟೊಂದು ಜನ ಬಂದರೆ ತಿಕ್ಕಾಟವೂ ಸಹಜ. ಸ್ಪೇನ್ ಕಾನೂನಿನ ಪ್ರಕಾರ ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಅಂದರೆ ಹಿಂದೆಯೇ ತೆವಳಬೇಕು. ಕೆಲಸಕ್ಕೆ ಹೊರಟ ಊರವರಿಗೆ ಸವಾರರ ದೊಡ್ಡ ಗುಂಪು ಎದುರಾದರೆ ತಾಳ್ಮೆ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಅತಿಯಾದ ಪ್ರವಾಸೋದ್ಯಮದ ವಿರುದ್ಧ 2024ರಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ನಡೆಸಿದರು. ಅವರ ಮುಖ್ಯ ದೂರು ಮನೆ ಬಾಡಿಗೆಯದಾದರೂ, ಸೈಕಲ್ ತಂದವರೂ ಅತಿಥಿಗಳೇ ಎಂಬುದನ್ನು ಮರೆಯುವಂತಿಲ್ಲ. ಊರೊಳಗೆ ಸಾಲಾಗಿ ಹೋಗುವುದು, ಹಿಂದೆ ವಾಹನ ಸೇರಿಕೊಂಡರೆ ಬದಿಗೆ ನಿಂತು ದಾರಿ ಬಿಡುವುದು ಸವಾರರಿಗೆ ಕಷ್ಟದ ಕೆಲಸವೇನಲ್ಲ.

ಸಾ ಕಲೋಬ್ರಾಕ್ಕೆ ಹೋಗಬೇಕೆನ್ನುವವರಿಗೆ ಒಂದು ಸೂಚನೆ. ಅಲ್ಲಿಂದ ಹೊರಬರಲು ಬೇರೆ ರಸ್ತೆಯಿಲ್ಲ. ಇಳಿದದ್ದನ್ನೆಲ್ಲ ಸರಾಸರಿ ಶೇ 7ರ ಏರಿನಲ್ಲಿ ಮತ್ತೆ ಹತ್ತಲೇಬೇಕು. ದಾರಿಯಲ್ಲಿ ನೆರಳು ಕಡಿಮೆ, ಬಿಸಿಲು ಏರಿದಂತೆ ಬಂಡೆಗಳೂ ಕಾಯುತ್ತವೆ. ಬೆಳಗ್ಗೆ ಬೇಗ ಇಳಿದು, ಎರಡು ಬಾಟಲಿ ನೀರು ತುಂಬಿಕೊಂಡು, ಪ್ರವಾಸಿ ಬಸ್ಸುಗಳು ಇಳಿಯಲು ಶುರುಮಾಡುವ ಮೊದಲೇ ವಾಪಸ್ ಹೊರಡುವುದು ಒಳ್ಳೆಯದು.