ಅಜ್ಜಿಯ ಮುಖಕ್ಕೆ ಮೂವತ್ತೇ ಮೆಟ್ಟಿಲು

2005ರ ಒಂದು ವಿಡಿಯೊ ನನ್ನ ಹತ್ತಿರ ಇದೆ. ಸಾಗರದ ಕಡೆಯ ಅಜ್ಜನಮನೆ. ಅಜ್ಜಿ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಾಳೆ. "ಇತ್ಲಾಗೆ ನೋಡೇ ಅಮ್ಮ" ಅನ್ನುವ ಚಿಕ್ಕಮ್ಮನ ದನಿ. ಅಜ್ಜಿ ತಲೆಯೆತ್ತಿ ಏನೋ ಹೇಳಿ ನಗುತ್ತಾಳೆ. ನಗು ಕೇಳುತ್ತದೆ, ಕಾಣುವುದಿಲ್ಲ. ಬೆನ್ನ ಹಿಂದಿನ ಅಂಗಳದಲ್ಲಿ ಹರವಿದ ಅಡಿಕೆ ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ. ಅಜ್ಜಿ ಇರಬೇಕಾದ ಕಡೆ ಒಂದು ಕಪ್ಪು ಗುಡ್ಡೆ.

ಚಿಕ್ಕಮ್ಮನ ತಪ್ಪೇನಿಲ್ಲ. ನಡುಹಗಲಿನ ಬಿಸಿಲು, ಬೆಳಕಿನ ಅಳತೆಯಲ್ಲಿ, ಒಂದು ಲಕ್ಷ ಲಕ್ಸ್‌ನ ಆಸುಪಾಸಿನಲ್ಲಿರುತ್ತದೆ. ಮಾಡಿನ ಕೆಳಗೆ ಕೆಲವು ನೂರು ಇದ್ದರೆ ಹೆಚ್ಚು. ನಮ್ಮ ಕಣ್ಣು ಎರಡನ್ನೂ ಹೇಗೋ ಸಂಭಾಳಿಸುತ್ತದೆ. ಕ್ಯಾಮೆರಾ ಚೌಕಟ್ಟಿನ ಒಟ್ಟು ಬೆಳಕನ್ನು ಅಳೆದು ಅಂಗಳಕ್ಕೆ ಹೊಂದಿಕೊಂಡಿತು, ಅಜ್ಜಿಯನ್ನು ಬಿಟ್ಟುಕೊಟ್ಟಿತು. ಫೋಟೊ ಆಗಿದ್ದರೆ ಅರ್ಧ ಸೆಕೆಂಡು ಕಣ್ಣು ತೆರೆದಿಟ್ಟು ಹೆಚ್ಚು ಬೆಳಕು ಕುಡಿಸಬಹುದಿತ್ತು. ವಿಡಿಯೊಗೆ ಆ ಪುರುಸೊತ್ತಿಲ್ಲ. ಸೆಕೆಂಡಿಗೆ 30 ಚಿತ್ರವೆಂದರೆ ಒಂದೊಂದಕ್ಕೂ ಸಿಗುವುದು ಹೆಚ್ಚೆಂದರೆ ಸೆಕೆಂಡಿನ 30ನೇ ಒಂದು ಪಾಲು.

ಕತ್ತಲೆ ಚಿತ್ರದ ಮೇಲೆ ಹೊದಿಸಿದ ಕಂಬಳಿಯಲ್ಲ, ಎಳೆದರೆ ಕೆಳಗೆ ಅಜ್ಜಿ ಸಿಗುವುದಕ್ಕೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಎಂದರೆ ಅಂಗಳದಲ್ಲಿ ಸಾಲಾಗಿಟ್ಟ ಲಕ್ಷಾಂತರ ಚೊಂಬುಗಳು ಎಂದುಕೊಳ್ಳಿ. ಬೆಳಕಿನ ಕಣಗಳಾದ ಫೋಟಾನ್‌ಗಳು ಮಳೆಹನಿ. ಧೋ ಎಂದು ಸುರಿದರೆ ಎಲ್ಲ ಚೊಂಬಿಗೂ ಹೆಚ್ಚುಕಮ್ಮಿ ಒಂದೇ ನೀರು. ನಾಲ್ಕು ಹನಿ ಉದುರಿ ನಿಂತರೆ ಒಂದಕ್ಕೆ ಮೂರು, ಪಕ್ಕದ್ದಕ್ಕೆ ಒಂದೂ ಇಲ್ಲ. ಈ ಏರುಪೇರು ಹನಿಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 10,000 ಫೋಟಾನ್ ಬಿದ್ದಲ್ಲಿ ವ್ಯತ್ಯಾಸ 100, ಅಂದರೆ ಶೇ 1. ಬರೀ 100 ಬಿದ್ದಲ್ಲಿ ವ್ಯತ್ಯಾಸ 10, ಶೇ 10. ಕತ್ತಲ ವಿಡಿಯೊವನ್ನು ಬೆಳಗಿಸಿದಾಗ ಇರುವೆ ಹರಿದಾಡಿದಂತೆ ಕಾಣುವ ನಾಯ್ಸ್ ಬಹುಮಟ್ಟಿಗೆ ಇದೇ. ಮೊದಲೂ ಅಲ್ಲೇ ಇತ್ತು, ಈಗ ಅದಕ್ಕೂ ದೀಪ ಹಿಡಿದಿದ್ದೇವೆ.

ಬರೆದಿಡುವಾಗ ಇನ್ನೊಂದು ನಷ್ಟ. ಸಾಮಾನ್ಯ ವಿಡಿಯೊದಲ್ಲಿ ಕಪ್ಪಿನಿಂದ ಬಿಳಿಗೆ ಇರುವುದು 256 ಮೆಟ್ಟಿಲು. ನಮ್ಮ ಕಡತದಲ್ಲಿ ಅಜ್ಜಿಯ ಮುಖ, ಸೆರಗು, ಹಿಂದಿನ ಕಂಬ ಎಲ್ಲ ಸೇರಿ ಕೆಳಗಿನ 30 ಮೆಟ್ಟಿಲಲ್ಲಿ ಮುದುಡಿ ಕೂತಿವೆ. ಸಾಲದ್ದಕ್ಕೆ ಆ ಕಾಲದ ಪುಟ್ಟ ಕ್ಯಾಮೆರಾಗಳು ಬಹುಪಾಲು ಪ್ರತಿ ಚಿತ್ರವನ್ನೂ ಜೆಪೆಗ್ ಮಾಡಿ ಹಿಂಡುತ್ತಿದ್ದವು. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಸಣ್ಣಪುಟ್ಟ ವ್ಯತ್ಯಾಸಗಳನ್ನು ಸೊನ್ನೆಗೆ ಇಳಿಸಿಬಿಡುತ್ತದೆ. ಕತ್ತಲಲ್ಲಿ ಇರುವುದೆಲ್ಲ ಸಣ್ಣ ವ್ಯತ್ಯಾಸವೇ! ಬೆಳಗಿಸಿದ ಕೂಡಲೇ ಕೆನ್ನೆಯ ಮೇಲೆ ಮೊಸಾಯಿಕ್ ನೆಲ ಏಳುವುದು ಇದಕ್ಕೇ.

ಮೊದಲು ಎಲ್ಲರಂತೆ ನಾನೂ 'ಬ್ರೈಟ್‌ನೆಸ್' ಗುಂಡಿಯನ್ನೇ ಬಲಕ್ಕೆ ಎಳೆದೆ. ಅದು ಎಲ್ಲದಕ್ಕೂ ಒಂದೇ ಸಂಖ್ಯೆ ಕೂಡಿಸುವ ದಡ್ಡ ಲೆಕ್ಕ. 50 ಕೂಡಿಸಿದರೆ 20 ಇದ್ದದ್ದು 70, 0 ಇದ್ದದ್ದು 50, 230 ಇದ್ದದ್ದು 255ಕ್ಕೆ ತಲೆ ಹೊಡೆದುಕೊಂಡು ಅಲ್ಲೇ ನಿಲ್ಲುತ್ತದೆ. ಕಪ್ಪು ಬೂದಿಯಾಯಿತು, ಅಂಗಳ ಸುಣ್ಣವಾಯಿತು. ಬೇಕಾದದ್ದು ಅದರ ಪಕ್ಕದ, ಯಾರೂ ಮುಟ್ಟದ 'ಗಾಮಾ'. ಅದನ್ನು 2 ಮಾಡಿದರೆ 20 ಇದ್ದದ್ದು 71ಕ್ಕೆ ಏರುತ್ತದೆ, 200 ಮಾತ್ರ 226ಕ್ಕೆ ನಿಲ್ಲುತ್ತದೆ. 0 ಮತ್ತು 255 ಅಲ್ಲಾಡುವುದೇ ಇಲ್ಲ. ತಳದಲ್ಲಿದ್ದವರಿಗೆ ಹೆಚ್ಚು, ಮೇಲಿದ್ದವರಿಗೆ ಕಮ್ಮಿ. ವಿಎಲ್‌ಸಿ ಪ್ಲೇಯರಿನಲ್ಲೂ ಈ ಗುಂಡಿ ಇದೆ, ಮೂಲ ಕಡತಕ್ಕೆ ಕೈ ಹಚ್ಚದೆ ನೋಡಿಕೊಳ್ಳಬಹುದು.

ನಾಯ್ಸ್‌ಗೆ ಮದ್ದು ಇರುವುದು ಹಿಂದುಮುಂದಿನ ಚಿತ್ರಗಳಲ್ಲಿ. ಅಜ್ಜಿಯ ಮುಖ ಅರ್ಧ ಸೆಕೆಂಡು ಅಲುಗದಿದ್ದರೆ ಅದೇ ಮುಖದ ಸುಮಾರು 16 ಚಿತ್ರ ಸಿಕ್ಕಂತಾಯಿತು. ಅವುಗಳ ಸರಾಸರಿ ತೆಗೆದರೆ ಏರುಪೇರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನನಗೆ ಬಹಳ ಇಷ್ಟವಾದದ್ದು ಇದರ ಇನ್ನೊಂದು ಫಲ. ಒಂದು ಚುಕ್ಕಿ 21, 22, 21, 21 ಎಂದು ತೊನೆದಾಡುತ್ತಿದ್ದರೆ ಸರಾಸರಿ 21.25, ಕಡತದಲ್ಲಿ ಇಲ್ಲದ ನಡುವಿನ ಮೆಟ್ಟಿಲು, ಕಾಟ ಕೊಡುತ್ತಿದ್ದ ನಾಯ್ಸ್‌ನಿಂದಲೇ ಹುಟ್ಟಿತು. ಅದಕ್ಕೇ ಮೊದಲು ನಾಯ್ಸ್ ತೆಗೆದು, ಆ ದಶಾಂಶಗಳನ್ನು ಉಳಿಸಿಕೊಂಡೇ ಆಮೇಲೆ ಗಾಮಾ ಏರಿಸಬೇಕು. ಆದರೆ ಚಲಿಸುವುದಕ್ಕೆ ಈ ಮದ್ದು ಹಿಡಿಸದು. ಅಜ್ಜಿಯ ಮುಖ ತಿಳಿಯಾಯಿತು. ಅಡಿಕೆ ಸುಲಿಯುವ ಕೈಗೆ ಮೂರು ನೆರಳು ಮೂಡಿದವು. ಹಾಗಾಗಿ ಕೈ ಇದ್ದ ಕಡೆ ಸರಾಸರಿ ಬಿಟ್ಟು, ನಾಯ್ಸ್ ಇದ್ದರೆ ಇರಲಿ ಅಂದುಕೊಂಡೆ.

ಮಗಳು ಅಷ್ಟರಲ್ಲಿ ಅದೇ ತುಣುಕನ್ನು ಒಂದು ಎಐ ತಂತ್ರಾಂಶಕ್ಕೆ ಉಣಿಸಿದ್ದಳು. ಎರಡನ್ನೂ ಚಿಕ್ಕಮ್ಮನಿಗೆ ತೋರಿಸಿದೆವು. ಎಐ ಅಜ್ಜಿ ಫಳಫಳ ಹೊಳೆಯುತ್ತಿದ್ದಳು, ಎರಡು ಸಾಲು ಬಿಳಿ ಹಲ್ಲು ಬಿಟ್ಟು ನಗುತ್ತಿದ್ದಳು. ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿ, "ಇದ್ಯಾರೇ?" ಅಂದರು. ಆಮೇಲೆ ನನ್ನ ಕಾಳುಕಾಳು ವಿಡಿಯೊದಲ್ಲಿ ಒಳಸೇರಿದ ತುಟಿ, ಎಲೆಯಡಿಕೆ ತುಂಬಿದ ಎಡಗೆನ್ನೆ ಕಂಡು, "ಆಗ ಅಮ್ಮನಿಗೆ ಹಲ್ಲೆಲ್ಲಿತ್ತು, ಅಡಿಕೆ ಕುಟ್ಟಿ ಕೊಡ್ತಿದ್ದೋಳು ನಾನು" ಅಂದರು.